ಹೆಸರು ಬರೆಯಲು ಕಲಿತವರು, ಮತ ಗೆದ್ದವರು



ಒಂದು ಸಣ್ಣ ಪ್ರಶ್ನೆಯಿಂದ ಆರಂಭಿಸೋಣ. ಕಾಲೇಜಿನಲ್ಲಿ ಪಾಠ ಹೇಳುವ ಅಧ್ಯಾಪಕರೊಬ್ಬರು ಓದು ಬರಹದ ಪರೀಕ್ಷೆಯಲ್ಲಿ ನಪಾಸಾಗಲು ಸಾಧ್ಯವೇ? ಸಾಧ್ಯವಿಲ್ಲ ಎಂದು ನೀವು ಹೇಳುತ್ತೀರಿ. ಆದರೆ ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿ ಎಂಬ ಊರಿನಲ್ಲಿ ಇದು ಸಾಧ್ಯವಾಗಿತ್ತು. ಅಲ್ಲಿ ಕಪ್ಪು ಜನಾಂಗದವರಿಗಾಗಿ 1881ರಲ್ಲಿ ಬೂಕರ್ ಟಿ. ವಾಷಿಂಗ್ಟನ್ ಕಟ್ಟಿದ ಪ್ರಸಿದ್ಧ ವಿದ್ಯಾಸಂಸ್ಥೆ ಇತ್ತು. ಪ್ರಾಧ್ಯಾಪಕರಿದ್ದರು, ವೈದ್ಯರಿದ್ದರು, ಡಾಕ್ಟರೇಟ್ ಪಡೆದವರಿದ್ದರು. ಆದರೂ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದಾಗ ಅವರಲ್ಲಿ ಅನೇಕರನ್ನು ಮರಳಿ ಕಳುಹಿಸಲಾಗುತ್ತಿತ್ತು. ಕೆಲವೊಮ್ಮೆ ಅರ್ಜಿಯಲ್ಲಿ ತಪ್ಪಿದೆ ಎಂದರು. ಕೆಲವೊಮ್ಮೆ ನೋಂದಣಿ ಕಚೇರಿಯ ಬಾಗಿಲನ್ನೇ ತೆರೆಯಲಿಲ್ಲ. ಅದೇ ಊರಿನಲ್ಲಿ ಅಷ್ಟೇನೂ ಓದಿರದ ಬಿಳಿಯರು ಸಲೀಸಾಗಿ ಮತದಾರರಾಗುತ್ತಿದ್ದರು.

ಅಂದರೆ ಅದು ಅಕ್ಷರದ ಪರೀಕ್ಷೆಯಾಗಿರಲಿಲ್ಲ, ಬಣ್ಣದ ಪರೀಕ್ಷೆಯಾಗಿತ್ತು. ಅಕ್ಷರವನ್ನು ಗೋಡೆಯನ್ನಾಗಿ ಮಾಡಿ ಒಂದು ಜನಾಂಗವನ್ನು ಹೊರಗಿಟ್ಟರು. ಅದೇ ಅಕ್ಷರವನ್ನು ಏಣಿಯನ್ನಾಗಿ ಮಾಡಿಕೊಂಡು ಆ ಜನರು ಗೋಡೆಯನ್ನು ಹತ್ತಿ ದಾಟಿದರು. ಈ ಕೆಲಸವನ್ನು ಮಾಡಿದ್ದು ಯಾವ ಸೈನ್ಯವೂ ಅಲ್ಲ. ಸಣ್ಣ ಸಣ್ಣ ಸಂಘಗಳು, ಶಿಕ್ಷಕಿಯರು, ವಿದ್ಯಾರ್ಥಿಗಳು, ಬಸ್ಸು ಓಡಿಸುವವರು, ಹತ್ತಿ ಬಿಡಿಸುವ ಹೆಂಗಸರು. ಶಿಕ್ಷಣಕ್ಕಾಗಿಯೇ ಕೂಡಿರುವ ನಮ್ಮಂತಹ ಸಂಘದ ಸದಸ್ಯರು ಈ ಇತಿಹಾಸವನ್ನು ಅವಶ್ಯವಾಗಿ ತಿಳಿದಿರಬೇಕು.

ಕೊಟ್ಟ ಹಕ್ಕನ್ನು ಕಸಿದ ಬಗೆ

ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿಯಿತು. ಗುಲಾಮಗಿರಿ ರದ್ದಾಯಿತು. 1870ರಲ್ಲಿ ಸಂವಿಧಾನದ 15ನೇ ತಿದ್ದುಪಡಿ ಜಾರಿಗೆ ಬಂತು. ಜನಾಂಗ, ಬಣ್ಣ ಅಥವಾ ಹಿಂದಿನ ಗುಲಾಮಗಿರಿಯ ಕಾರಣದಿಂದ ಯಾರ ಮತದ ಹಕ್ಕನ್ನೂ ನಿರಾಕರಿಸುವಂತಿಲ್ಲ ಎಂದು ಅದು ಸ್ಪಷ್ಟವಾಗಿ ಸಾರಿತು. ಕೆಲವು ವರ್ಷ ಕಪ್ಪು ಜನಾಂಗದ ಗಂಡಸರು ದೊಡ್ಡ ಸಂಖ್ಯೆಯಲ್ಲಿ ಮತ ಹಾಕಿದರು. ಅದೇ 1870ರಲ್ಲಿ ಮಿಸಿಸಿಪ್ಪಿಯಿಂದ ಹೈರಮ್ ರೆವೆಲ್ಸ್ ಎಂಬವರು ಸೆನೆಟ್ ಸದಸ್ಯರಾದರು.

ಆದರೆ 1877ರ ಹೊತ್ತಿಗೆ ದಕ್ಷಿಣದ ರಾಜ್ಯಗಳಲ್ಲಿ ಕೇಂದ್ರ ಸೈನ್ಯದ ರಕ್ಷಣೆ ಕೊನೆಗೊಂಡಿತು. ಹಳೆಯ ಜಮೀನುದಾರರ ಕೈಗೆ ಮತ್ತೆ ಅಧಿಕಾರ ಬಂತು. ಸಂವಿಧಾನದಲ್ಲಿ ಬರೆದದ್ದನ್ನು ಅಳಿಸುವುದು ಅವರಿಂದ ಸಾಧ್ಯವಿರಲಿಲ್ಲ. ಆದ್ದರಿಂದ ಅವರು ಬೇರೆ ದಾರಿ ಹುಡುಕಿದರು. ಒಂದು ಕಡೆ ಹೊಡೆತ, ಬೆದರಿಕೆ, ಕೊಲೆ. ಇನ್ನೊಂದು ಕಡೆ ಕಾಗದ.

1890ರಲ್ಲಿ ಮಿಸಿಸಿಪ್ಪಿ ರಾಜ್ಯ ಹೊಸ ಸಂವಿಧಾನ ಮಾಡಿಕೊಂಡಿತು. ಅದರಲ್ಲಿ ಕಪ್ಪು ಜನರು ಮತ ಹಾಕಬಾರದು ಎಂಬ ಮಾತು ಎಲ್ಲಿಯೂ ಇರಲಿಲ್ಲ. ಮತ ಹಾಕಬೇಕಾದವನು 2 ಡಾಲರ್ ತೆರಿಗೆ ಕಟ್ಟಿರಬೇಕು, ಸಂವಿಧಾನದ ಒಂದು ಭಾಗವನ್ನು ಓದಬೇಕು ಅಥವಾ ಓದಿದ್ದನ್ನು ಕೇಳಿ ಅರ್ಥ ಹೇಳಬೇಕು ಎಂದಿತ್ತು. ಯಾವ ಭಾಗ ಓದಿಸಬೇಕು, ಉತ್ತರ ಸರಿಯೋ ತಪ್ಪೋ ಎಂಬುದೆಲ್ಲ ನೋಂದಣಾಧಿಕಾರಿಯ ಮರ್ಜಿ. ಬಿಳಿಯನಿಗೆ ಒಂದು ಸಾಲಿನ ಸುಲಭ ಭಾಗ ಕೊಟ್ಟರೆ, ಕಪ್ಪು ಮನುಷ್ಯನಿಗೆ ವಕೀಲರಿಗೂ ತಲೆ ತಿರುಗುವಂತಹ ಭಾಗ ಕೊಡಬಹುದಾಗಿತ್ತು. ಒಂದೊಂದಾಗಿ ದಕ್ಷಿಣದ ಇತರ ರಾಜ್ಯಗಳೂ ಇದೇ ಹಾದಿ ಹಿಡಿದವು.

ಹಾಗಾದರೆ ಓದು ಬಾರದ ಬಡ ಬಿಳಿಯರ ಗತಿಯೇನು? ಅದಕ್ಕೂ ಉಪಾಯವಿತ್ತು. 1898ರಲ್ಲಿ ಲೂಸಿಯಾನಾ ರಾಜ್ಯ ‘ಅಜ್ಜನ ನಿಯಮ’ವನ್ನು ತಂದಿತು. ಕಪ್ಪು ಜನರಿಗೆ ಮತದ ಹಕ್ಕು ಬರುವುದಕ್ಕಿಂತ ಮೊದಲೇ ನಿಮ್ಮ ಅಪ್ಪನೋ ಅಜ್ಜನೋ ಮತದಾರನಾಗಿದ್ದರೆ ನಿಮಗೆ ಪರೀಕ್ಷೆ ಇಲ್ಲ ಎಂದು ಅದು ಹೇಳಿತು. ಗುಲಾಮನಾಗಿದ್ದ ಅಜ್ಜನಿಗೆ ಮತ ಎಲ್ಲಿಂದ ಬರಬೇಕು? ಪರಿಣಾಮ ನೋಡಿ: 1896ರಲ್ಲಿ ಲೂಸಿಯಾನಾದ ಪಟ್ಟಿಯಲ್ಲಿ 1,30,334 ಕಪ್ಪು ಮತದಾರರಿದ್ದರು. 1904ರಲ್ಲಿ ಉಳಿದವರು 1,342 ಮಂದಿ. ಎಂಟೇ ವರ್ಷಗಳಲ್ಲಿ ನೂರರಲ್ಲಿ ತೊಂಬತ್ತೊಂಬತ್ತು ಹೆಸರುಗಳು ಮಾಯವಾದವು.

ನ್ಯಾಯಾಲಯದ ದಾರಿ

1909ರಲ್ಲಿ ಕಪ್ಪು ಮತ್ತು ಬಿಳಿ ಜನಾಂಗಗಳ ಕೆಲವು ಚಿಂತಕರು ಸೇರಿ ‘ಎನ್‌ಎಎಸಿಪಿ’ ಎಂಬ ಸಂಘಟನೆಯನ್ನು ಸ್ಥಾಪಿಸಿದರು. ಕಪ್ಪು ಜನರ ಏಳಿಗೆಗಾಗಿ ಹುಟ್ಟಿದ ಈ ರಾಷ್ಟ್ರೀಯ ಸಂಘಟನೆ ನ್ಯಾಯಾಲಯವನ್ನೇ ತನ್ನ ಮುಖ್ಯ ರಣರಂಗವನ್ನಾಗಿ ಮಾಡಿಕೊಂಡಿತು. ಅಜ್ಜನ ನಿಯಮ ಸಂವಿಧಾನಕ್ಕೆ ವಿರುದ್ಧ ಎಂದು 1915ರಲ್ಲಿ ಸುಪ್ರೀಂ ಕೋರ್ಟು ತೀರ್ಪು ನೀಡಿತು. ಟೆಕ್ಸಾಸಿನಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ಬಿಳಿಯರಿಗೆ ಮಾತ್ರ ಪ್ರವೇಶ ಎಂಬ ನಿಯಮವಿತ್ತು. ಹ್ಯೂಸ್ಟನ್ ನಗರದ ದಂತವೈದ್ಯ ಲೋನಿ ಸ್ಮಿತ್ ಅದನ್ನು ಪ್ರಶ್ನಿಸಿದರು. ಮುಂದೆ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದ ಥರ್ಗುಡ್ ಮಾರ್ಷಲ್ ಅವರ ಪರವಾಗಿ ವಾದಿಸಿ 1944ರಲ್ಲಿ ಗೆದ್ದರು.

ಗೆಲುವು ದೊಡ್ಡದೇ. ಆದರೆ ಒಂದು ಬಾಗಿಲು ತೆರೆದರೆ ಇನ್ನೊಂದನ್ನು ಮುಚ್ಚಲಾಗುತ್ತಿತ್ತು. ಇದರ ವಿಚಿತ್ರ ಉದಾಹರಣೆಯನ್ನು ಟಸ್ಕೀಗಿಯಲ್ಲೇ ಕಾಣಬಹುದು. ಅಲ್ಲಿ ಸಮಾಜಶಾಸ್ತ್ರದ ಅಧ್ಯಾಪಕರಾಗಿದ್ದ ಚಾರ್ಲ್ಸ್ ಗೊಮಿಲಿಯನ್ ಅವರ ಮುಂದಾಳತ್ವದಲ್ಲಿ ‘ಟಸ್ಕೀಗಿ ನಾಗರಿಕ ಸಂಘ’ ಕೆಲಸ ಮಾಡುತ್ತಿತ್ತು. ವರ್ಷಗಟ್ಟಲೆ ಅರ್ಜಿ ಹಾಕಿ, ದೂರು ಕೊಟ್ಟು, ಸುಮಾರು 400 ಕಪ್ಪು ಮತದಾರರ ಹೆಸರು ಪಟ್ಟಿ ಸೇರುವಂತೆ ಮಾಡಿದರು. ಅವರ ಸಂಖ್ಯೆ ಬೆಳೆಯುವುದನ್ನು ಕಂಡು 1957ರಲ್ಲಿ ರಾಜ್ಯದ ಶಾಸನಸಭೆ ಊರಿನ ಗಡಿಯನ್ನೇ ಬದಲಾಯಿಸಿತು! ಚೌಕಾಕಾರವಾಗಿದ್ದ ಊರು 28 ಮೂಲೆಗಳ ವಿಚಿತ್ರ ಆಕೃತಿಯಾಯಿತು. ನಾಲ್ಕೈದು ಮಂದಿಯನ್ನು ಬಿಟ್ಟು ಉಳಿದ ಎಲ್ಲ ಕಪ್ಪು ಮತದಾರರೂ ಊರ ಹೊರಗಾದರು. ಒಬ್ಬ ಬಿಳಿಯ ಮತದಾರನೂ ಹೊರಗೆ ಬೀಳಲಿಲ್ಲ. ಸಂಘದವರು ಸುಮ್ಮನಿರಲಿಲ್ಲ. ಬಿಳಿಯರ ಅಂಗಡಿಗಳಲ್ಲಿ ವ್ಯಾಪಾರ ನಿಲ್ಲಿಸಿದರು, ಗೊಮಿಲಿಯನ್ ಅವರ ಹೆಸರಿನಲ್ಲಿ ಮೊಕದ್ದಮೆ ಹೂಡಿದರು. 1960ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪಿತ್ತಿತು.

ಒಂದು ಮಾತನ್ನು ಇಲ್ಲಿ ಗಮನಿಸಬೇಕು. ನ್ಯಾಯಾಲಯ ಒಂದು ಕೆಟ್ಟ ನಿಯಮವನ್ನು ತೆಗೆದುಹಾಕಬಲ್ಲದು. ಆದರೆ ಹಳ್ಳಿಯಲ್ಲಿರುವ ಅನಕ್ಷರಸ್ಥ ಕೂಲಿಕಾರನನ್ನು ಕೈ ಹಿಡಿದು ನೋಂದಣಿ ಕಚೇರಿಯವರೆಗೆ ಕರೆದೊಯ್ಯಲಾರದು. ಆ ಕೆಲಸಕ್ಕೆ ಬೇರೆಯವರೇ ಬೇಕಾಗಿತ್ತು.

ಅಂಗಡಿಯ ಹಿಂದಿನ ಶಾಲೆ

ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ನಗರದ ಸಮೀಪ ಜಾನ್ಸ್ ಐಲೆಂಡ್ ಎಂಬ ದ್ವೀಪವಿದೆ. ಅಲ್ಲಿನ ಕಪ್ಪು ಜನರು ಬೇಸಾಯ, ಕೂಲಿ ಮಾಡಿ ಬದುಕುತ್ತಿದ್ದರು. ಅವರನ್ನು ದಿನಾಲೂ ನಗರದ ಕೆಲಸಕ್ಕೆ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದವರು ಈಸಾ ಜೆಂಕಿನ್ಸ್. ಒಂದು ದಿನ ಪ್ರಯಾಣಿಕಳೊಬ್ಬಳು, ‘ನನಗೂ ಮತ ಹಾಕಬೇಕೆಂಬ ಆಸೆ, ಆದರೆ ಓದು ಬಾರದು, ನೀವು ಕಲಿಸಿಕೊಡುವಿರಾ’ ಎಂಬ ಅರ್ಥದ ಮಾತನ್ನು ಅವರಲ್ಲಿ ಆಡಿದಳು. ಜೆಂಕಿನ್ಸ್ ರಾಜ್ಯದ ಕಾನೂನಿನ ಭಾಗಗಳನ್ನು ಬರೆಸಿ ಪ್ರಯಾಣಿಕರಿಗೆ ಹಂಚಿದರು. ಬಸ್ಸಿನಲ್ಲೇ ಪಾಠ ನಡೆಯಿತು. ಆದರೆ ಬಸ್ಸಿನ ಪಾಠದಿಂದ ಬಾಯಿಪಾಠವಾಯಿತೇ ಹೊರತು ಓದು ಬರಲಿಲ್ಲ. ಒಂದು ಶಾಲೆಯೇ ಬೇಕು ಎಂಬುದು ಜೆಂಕಿನ್ಸ್ ಅವರಿಗೆ ಮನವರಿಕೆಯಾಯಿತು.

ಇಲ್ಲಿ ಸೆಪ್ಟಿಮಾ ಕ್ಲಾರ್ಕ್ ಅವರ ಪ್ರವೇಶವಾಗುತ್ತದೆ. 1898ರಲ್ಲಿ ಚಾರ್ಲ್ಸ್‌ಟನ್ನಿನಲ್ಲಿ ಹುಟ್ಟಿದ ಈಕೆ ತರುಣಿಯಾಗಿದ್ದಾಗ ಇದೇ ದ್ವೀಪದಲ್ಲಿ ಶಿಕ್ಷಕಿಯಾಗಿದ್ದರು. ಸರಕಾರಿ ನೌಕರರು ಎನ್‌ಎಎಸಿಪಿ ಸದಸ್ಯರಾಗಿರಬಾರದು ಎಂದು ರಾಜ್ಯ ಕಾನೂನು ತಂದಾಗ ಆಕೆ ಸದಸ್ಯತ್ವ ಬಿಡಲು ಒಪ್ಪಲಿಲ್ಲ. ಸುಮಾರು 40 ವರ್ಷ ಪಾಠ ಹೇಳಿದ ಆ ತಾಯಿಯನ್ನು 1956ರಲ್ಲಿ ಕೆಲಸದಿಂದ ತೆಗೆದುಹಾಕಿದರು. ಪಿಂಚಣಿಯೂ ಹೋಯಿತು. ಆಗ ಟೆನೆಸಿ ರಾಜ್ಯದಲ್ಲಿ ಮೈಲ್ಸ್ ಹಾರ್ಟನ್ ಅವರು ನಡೆಸುತ್ತಿದ್ದ ‘ಹೈಲ್ಯಾಂಡರ್’ ಜನಪದ ಶಾಲೆ ಆಕೆಯನ್ನು ಕರೆದುಕೊಂಡಿತು. ಕಪ್ಪು ಬಿಳಿ ಎನ್ನದೆ ಎಲ್ಲರೂ ಒಟ್ಟಿಗೆ ಕುಳಿತು ಕಲಿಯುತ್ತಿದ್ದ ಅಪರೂಪದ ಸ್ಥಳವದು. ಬಸ್ಸಿನಲ್ಲಿ ಸೀಟು ಬಿಟ್ಟುಕೊಡಲು ನಿರಾಕರಿಸಿ ಪ್ರಸಿದ್ಧರಾದ ರೋಸಾ ಪಾರ್ಕ್ಸ್ ಕೂಡ ಆ ಘಟನೆಗೆ ಕೆಲವು ತಿಂಗಳ ಮೊದಲು, 1955ರಲ್ಲಿ, ಅಲ್ಲಿನ ಶಿಬಿರದಲ್ಲಿ ಭಾಗವಹಿಸಿದ್ದರು.

ಹೈಲ್ಯಾಂಡರ್ ಕೊಟ್ಟ ಸಾಲದಿಂದ ದ್ವೀಪದವರು ಒಂದು ಹಳೆಯ ಕಟ್ಟಡ ಕೊಂಡರು. ಮುಂದೆ ಸಹಕಾರಿ ಕಿರಾಣಿ ಅಂಗಡಿ, ಹಿಂದಿನ ಕೋಣೆಯಲ್ಲಿ ಶಾಲೆ. ಬಿಳಿಯರ ಕಣ್ಣಿಗೆ ಬೀಳಬಾರದೆಂದೇ ಈ ಏರ್ಪಾಡು. 1957ರ ಜನವರಿಯಲ್ಲಿ 14 ಮಂದಿಯೊಂದಿಗೆ ಮೊದಲ ‘ಪೌರತ್ವ ಶಾಲೆ’ ಆರಂಭವಾಯಿತು.

ಇದರ ಮೊದಲ ಶಿಕ್ಷಕಿ ಯಾರು ಗೊತ್ತೇ? ಬರ್ನೀಸ್ ರಾಬಿನ್‌ಸನ್. ಆಕೆ ತರಬೇತಿ ಪಡೆದ ಶಿಕ್ಷಕಿಯಲ್ಲ, ಕೇಶಾಲಂಕಾರ ಮಾಡುತ್ತಿದ್ದ, ಬಟ್ಟೆ ಹೊಲಿಯುತ್ತಿದ್ದ ಮಹಿಳೆ. ಆಕೆಯನ್ನು ಬೇಕೆಂದೇ ಆರಿಸಲಾಗಿತ್ತು. ಮೊದಲನೆಯದಾಗಿ, ತರಬೇತಾದ ಶಿಕ್ಷಕರಿಗೆ ಮಕ್ಕಳಿಗೆ ಹೇಳಿಕೊಟ್ಟು ಅಭ್ಯಾಸ, ದೊಡ್ಡವರನ್ನೂ ಮಕ್ಕಳಂತೆ ಕಾಣುವ ಭಯವಿತ್ತು. ಎರಡನೆಯದಾಗಿ, ಸರಕಾರಿ ಶಿಕ್ಷಕರನ್ನು ಕೆಲಸದಿಂದ ತೆಗೆಯಬಹುದು. ರಾಬಿನ್‌ಸನ್ ಅವರ ಗಿರಾಕಿಗಳೆಲ್ಲ ಕಪ್ಪು ಮಹಿಳೆಯರೇ ಆದ್ದರಿಂದ ಯಾವ ಬಿಳಿಯ ಧಣಿಯೂ ಆಕೆಯ ಅನ್ನಕ್ಕೆ ಕೈಹಾಕುವಂತಿರಲಿಲ್ಲ.

ಮೊದಲ ದಿನ ಆಕೆ ಚಿಕ್ಕ ಮಕ್ಕಳ ಪಠ್ಯಪುಸ್ತಕಗಳನ್ನು ತಂದಿದ್ದರು. ಇದು ಸರಿಹೋಗದು ಎಂದು ಬೇಗನೆ ಅರ್ಥಮಾಡಿಕೊಂಡರು. ‘ನಿಮಗೇನು ಕಲಿಯಬೇಕು’ ಎಂದು ಅವರನ್ನೇ ಕೇಳಿದರು. ತಮ್ಮ ಹೆಸರು ಬರೆಯಬೇಕು, ಮನಿಯಾರ್ಡರ್ ಫಾರಂ ತುಂಬಬೇಕು, ಬಂದ ಕಾಗದ ಓದಬೇಕು, ಪತ್ರಿಕೆ ಓದಬೇಕು, ಮತದಾರರಾಗಬೇಕು ಎಂದರು. ಅದೇ ಪಠ್ಯಕ್ರಮವಾಯಿತು. ಜಗತ್ತಿನ ಎಲ್ಲ ಮನುಷ್ಯರ ಹಕ್ಕುಗಳನ್ನು ಸಾರುವ ವಿಶ್ವಸಂಸ್ಥೆಯ ಘೋಷಣೆಯನ್ನು ಗೋಡೆಗೆ ಅಂಟಿಸಿ, ತರಗತಿ ಮುಗಿಯುವಾಗ ನೀವು ಇದನ್ನು ಓದಬೇಕು ಎಂದು ಗುರಿಯಿಟ್ಟರು.

ನೇಗಿಲು ಹಿಡಿದು ಒರಟಾದ ಕೈಗಳಿಗೆ ಪೆನ್ಸಿಲ್ ಹಿಡಿಯುವುದು ಸುಲಭವಾಗಿರಲಿಲ್ಲ. ಒತ್ತಿ ಹಿಡಿದರೆ ಪೆನ್ಸಿಲ್ ಮುರಿಯುತ್ತಿತ್ತು. ಅದಕ್ಕಾಗಿ ರಟ್ಟಿನ ಮೇಲೆ ಅವರವರ ಹೆಸರನ್ನು ದೊಡ್ಡದಾಗಿ ಬರೆದುಕೊಟ್ಟು, ಅದರ ಮೇಲೆಯೇ ಮತ್ತೆ ಮತ್ತೆ ತಿದ್ದಿಸುತ್ತಿದ್ದರು. ಬೇಸಾಯದ ಕೆಲಸ ಕಡಿಮೆ ಇರುವ ಚಳಿಗಾಲದ ತಿಂಗಳುಗಳಲ್ಲಿ, ವಾರಕ್ಕೆ ಎರಡು ರಾತ್ರಿ ತರಗತಿ. ನಂತರ ನೋಂದಣಿ ಕಚೇರಿಗೆ ಪ್ರಯಾಣ. ಅಲ್ಲಿಯವರೆಗೆ ಹೆಬ್ಬೆಟ್ಟೊತ್ತುತ್ತಿದ್ದವರು ತಮ್ಮ ಹೆಸರನ್ನು ತಾವೇ ಬರೆದು ಮತದಾರರಾಗಿ ಹಿಂದಿರುಗಿದರು.

ಸುದ್ದಿ ಹಬ್ಬಿತು. ಪಕ್ಕದ ದ್ವೀಪಗಳವರು ನಮಗೂ ಶಾಲೆ ಬೇಕು ಎಂದರು. ಸರಕಾರಕ್ಕೆ ಇದು ಸಹಿಸಲಿಲ್ಲ. 1959ರಲ್ಲಿ ಹೈಲ್ಯಾಂಡರ್ ಮೇಲೆ ಪೊಲೀಸ್ ದಾಳಿ ನಡೆದು ಕ್ಲಾರ್ಕ್ ಬಂಧನಕ್ಕೊಳಗಾದರು. 1961ರಲ್ಲಿ ಶಾಲೆಯನ್ನು ಮುಚ್ಚಿಸಿ ಆಸ್ತಿಯನ್ನು ವಶಪಡಿಸಿಕೊಂಡರು. ಆದರೆ ಅಷ್ಟರಲ್ಲೇ ಬೀಜ ಬೇರೆ ಹೊಲಕ್ಕೆ ಬಿದ್ದಾಗಿತ್ತು. ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಘಟನೆ ಈ ಕಾರ್ಯಕ್ರಮವನ್ನು ವಹಿಸಿಕೊಂಡಿತು. ಜಾರ್ಜಿಯಾದ ಡಾರ್ಚೆಸ್ಟರ್ ಕೇಂದ್ರದಲ್ಲಿ ಕ್ಲಾರ್ಕ್, ಡೊರೊತಿ ಕಾಟನ್ ಮತ್ತು ಆಂಡ್ರ್ಯೂ ಯಂಗ್ ಊರೂರುಗಳಿಂದ ಬಂದವರಿಗೆ ತರಬೇತಿ ಕೊಟ್ಟರು. ತರಬೇತಿ ಪಡೆದವರು ತಮ್ಮ ಊರಿಗೆ ಹೋಗಿ ಅಡುಗೆಮನೆಯಲ್ಲಿ, ಚರ್ಚಿನಲ್ಲಿ, ಮರದ ನೆರಳಿನಲ್ಲಿ ಶಾಲೆ ತೆರೆದರು.

ಹತ್ತಿಯ ಹೊಲದಿಂದ ಬಂದ ಧ್ವನಿ

ಎಲ್ಲಕ್ಕಿಂತ ಕಠಿಣವಾದ ರಾಜ್ಯ ಮಿಸಿಸಿಪ್ಪಿ. ಅಲ್ಲಿ ಅರ್ಜಿದಾರರು 285 ವಿಧಿಗಳಿದ್ದ ರಾಜ್ಯ ಸಂವಿಧಾನದ ಯಾವುದಾದರೂ ಒಂದನ್ನು ನಕಲು ಮಾಡಿ ಅರ್ಥ ಬರೆಯಬೇಕಿತ್ತು. ಅದು ಸಾಲದೆಂದು 1962ರಲ್ಲಿ ಇನ್ನೊಂದು ನಿಯಮ ಬಂತು. ಅರ್ಜಿ ಹಾಕಿದವರ ಹೆಸರನ್ನು ಎರಡು ವಾರ ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟಿಸಬೇಕು! ಯಾಕೆ? ಧಣಿಗೆ ಗೊತ್ತಾಗಲಿ, ಮನೆ ಬಾಡಿಗೆಗೆ ಕೊಟ್ಟವನಿಗೆ ಗೊತ್ತಾಗಲಿ, ಮುಖವಾಡ ಹಾಕಿಕೊಂಡು ರಾತ್ರಿ ಬರುವವರಿಗೂ ಗೊತ್ತಾಗಲಿ ಎಂದು.

ಈ ರಾಜ್ಯಕ್ಕೆ ಕಾಲಿಟ್ಟವರು ವಿದ್ಯಾರ್ಥಿಗಳು. ಎಲ್ಲಾ ಬೇಕರ್ ಎಂಬ ಹಿರಿಯ ಮಹಿಳೆಯ ಮಾರ್ಗದರ್ಶನದಲ್ಲಿ 1960ರ ಏಪ್ರಿಲ್‌ನಲ್ಲಿ ಹುಟ್ಟಿದ ‘ಸ್ನಿಕ್’ ಎಂಬ ವಿದ್ಯಾರ್ಥಿ ಸಂಘಟನೆ 1961ರಲ್ಲಿ ಬಾಬ್ ಮೋಸೆಸ್ ಎಂಬ ಗಣಿತದ ಮೇಷ್ಟ್ರ ಮುಂದಾಳತ್ವದಲ್ಲಿ ಅಲ್ಲಿ ನೋಂದಣಿ ಕೆಲಸ ಆರಂಭಿಸಿತು. ಅವರಿಗೆ ನೆರವಾದ ಹರ್ಬರ್ಟ್ ಲೀ ಎಂಬ ರೈತನನ್ನು ಅದೇ ವರ್ಷ ಹಾಡಹಗಲೇ ಗುಂಡಿಟ್ಟು ಕೊಂದರು. ಎನ್‌ಎಎಸಿಪಿಯ ಮುಖಂಡ ಮೆಡ್ಗರ್ ಎವರ್ಸ್ 1963ರ ಜೂನಿನಲ್ಲಿ ತಮ್ಮ ಮನೆಯ ಅಂಗಳದಲ್ಲೇ ಹತರಾದರು.

ಫ್ಯಾನಿ ಲೂ ಹೇಮರ್ ಅವರ ಕಥೆಯನ್ನು ಪ್ರತಿಯೊಬ್ಬ ವಿದ್ಯಾರ್ಥಿನಿಯೂ ಓದಬೇಕು. ಇಪ್ಪತ್ತು ಮಕ್ಕಳ ಕುಟುಂಬದಲ್ಲಿ ಕೊನೆಯವರಾಗಿ ಹುಟ್ಟಿ, ಆರನೆಯ ವಯಸ್ಸಿಗೇ ಹತ್ತಿ ಬಿಡಿಸಲು ಹೋದವರು. 1962ರ ಆಗಸ್ಟ್ 31ರಂದು 17 ಮಂದಿಯೊಂದಿಗೆ ಬಸ್ಸಿನಲ್ಲಿ ಇಂಡಿಯಾನೋಲಾ ಪಟ್ಟಣಕ್ಕೆ ಹೋಗಿ ಪರೀಕ್ಷೆ ಬರೆದರು. ಪಾಸಾಗಲಿಲ್ಲ. ಹಿಂದಿರುಗುವಾಗ ಪೊಲೀಸರು ಬಸ್ಸನ್ನು ತಡೆದು, ಅದರ ಬಣ್ಣ ಅತಿಯಾಗಿ ಹಳದಿಯಾಗಿದೆ ಎಂದು ದಂಡ ಹಾಕಿದರು! ಸಂಜೆ ಮನೆಗೆ ಬಂದಾಗ ತೋಟದ ಧಣಿ ಕಾದಿದ್ದ. ಅರ್ಜಿ ಹಿಂದೆ ತೆಗೆದುಕೋ, ಇಲ್ಲವಾದರೆ ಜಾಗ ಖಾಲಿಮಾಡು ಎಂದ. 18 ವರ್ಷ ದುಡಿದ ತೋಟವನ್ನು ಆಕೆ ಅದೇ ರಾತ್ರಿ ಬಿಟ್ಟು ಹೊರಟರು. ಪಟ್ಟುಬಿಡದೆ ಮತ್ತೆ ಪರೀಕ್ಷೆ ಬರೆದು 1963ರ ಜನವರಿಯಲ್ಲಿ ಪಾಸಾದರು. ಅದೇ ವರ್ಷ ಜೂನಿನಲ್ಲಿ ಚಾರ್ಲ್ಸ್‌ಟನ್ನಿನಲ್ಲಿ ಪೌರತ್ವ ಶಾಲೆಯ ತರಬೇತಿ ಮುಗಿಸಿ ಬರುವಾಗ ವಿನೋನಾ ಎಂಬಲ್ಲಿ ಆಕೆಯನ್ನು ಬಂಧಿಸಿ, ಜೈಲಿನಲ್ಲಿ ಜೀವಮಾನವಿಡೀ ನೋವು ಉಳಿಯುವಂತೆ ಹೊಡೆದರು.

‘ಕಪ್ಪು ಜನರಿಗೆ ಮತದಾನದಲ್ಲಿ ಆಸಕ್ತಿಯೇ ಇಲ್ಲ’ ಎಂಬುದು ಬಿಳಿಯ ಅಧಿಕಾರಿಗಳ ವಾದವಾಗಿತ್ತು. ಇದಕ್ಕೆ ಉತ್ತರವಾಗಿ ಸಂಘಟನೆಗಳೆಲ್ಲ ಕೂಡಿ 1963ರ ನವೆಂಬರಿನಲ್ಲಿ ಒಂದು ಅಣಕು ಚುನಾವಣೆ ನಡೆಸಿದವು. ಚರ್ಚು, ಅಂಗಡಿ, ಕ್ಷೌರದಂಗಡಿಗಳಲ್ಲಿ ಮತಪೆಟ್ಟಿಗೆಗಳನ್ನಿಟ್ಟರು. 80,000ಕ್ಕೂ ಹೆಚ್ಚು ಜನರು ಮತ ಹಾಕಿದರು. ಮರುವರ್ಷ, 1964ರ ಬೇಸಗೆಯಲ್ಲಿ, ಸುಮಾರು ಸಾವಿರ ಸ್ವಯಂಸೇವಕರು ಮಿಸಿಸಿಪ್ಪಿಗೆ ಬಂದರು. ಇವರಲ್ಲಿ ಹೆಚ್ಚಿನವರು ಉತ್ತರದ ಕಾಲೇಜುಗಳ ಬಿಳಿಯ ವಿದ್ಯಾರ್ಥಿಗಳು. ಕೆಲಸ ಆರಂಭವಾದ ಕೂಡಲೇ, ಜೂನ್ 21ರಂದು, ಚೇನಿ, ಗುಡ್‌ಮನ್ ಮತ್ತು ಶ್ವರ್ನರ್ ಎಂಬ ಮೂವರು ತರುಣರನ್ನು ಕೊಂದು ಹೂತುಹಾಕಿದರು. ಆದರೂ ಉಳಿದವರು ಊರು ಬಿಡಲಿಲ್ಲ. ನಲವತ್ತಕ್ಕೂ ಹೆಚ್ಚು ‘ಸ್ವಾತಂತ್ರ್ಯ ಶಾಲೆ’ಗಳನ್ನು ನಡೆಸಿದರು. ಆ ಬೇಸಗೆಯಲ್ಲಿ ಸುಮಾರು 17,000 ಜನರು ನೋಂದಣಿಗೆ ಪ್ರಯತ್ನಿಸಿದರು. ಅಧಿಕಾರಿಗಳು ಒಪ್ಪಿಕೊಂಡದ್ದು ಸುಮಾರು 1,600 ಅರ್ಜಿಗಳನ್ನು ಮಾತ್ರ.

ಇದನ್ನು ಸೋಲು ಎನ್ನೋಣವೇ? ಇಲ್ಲ. ಏಕೆಂದರೆ ತಿರಸ್ಕೃತವಾದ ಒಂದೊಂದು ಅರ್ಜಿಯೂ ಒಂದೊಂದು ಸಾಕ್ಷಿಯಾಯಿತು. ಆ ಆಗಸ್ಟಿನಲ್ಲಿ ಹೇಮರ್ ಡೆಮಾಕ್ರಟಿಕ್ ಪಕ್ಷದ ಮಹಾ ಅಧಿವೇಶನದ ಸಮಿತಿಯ ಮುಂದೆ ತಮ್ಮ ಅನುಭವ ಹೇಳಿದಾಗ ಇಡೀ ದೇಶ ಟಿವಿಯಲ್ಲಿ ಅದನ್ನು ಕೇಳಿತು.

ಮೆರವಣಿಗೆ ಹೊರಟ ಮೇಷ್ಟ್ರುಗಳು

ಅಲಬಾಮಾದ ಸೆಲ್ಮಾ ಪಟ್ಟಣವಿದ್ದ ಡಲ್ಲಾಸ್ ಕೌಂಟಿಯಲ್ಲಿ ಮತದ ವಯಸ್ಸಿನ ಕಪ್ಪು ಜನರು ಸುಮಾರು 15,000. ಪಟ್ಟಿಯಲ್ಲಿದ್ದವರು ಕೆಲವೇ ನೂರು. ನೋಂದಣಿ ಕಚೇರಿ ತಿಂಗಳಿಗೆ ಎರಡು ದಿನ ಮಾತ್ರ ತೆರೆಯುತ್ತಿತ್ತು. ಅಲ್ಲಿನ ಮತದಾರರ ಸಂಘದಲ್ಲಿ ಅಮೀಲಿಯಾ ಬಾಯ್ನ್‌ಟನ್ ಮತ್ತು ಶಿಕ್ಷಕ ಫ್ರೆಡರಿಕ್ ರೀಸ್ ಮುಂತಾದವರು ವರ್ಷಗಳಿಂದ ದುಡಿಯುತ್ತಿದ್ದರು. ಸಂಘದ ಕರೆಯ ಮೇರೆಗೆ 1965ರ ಜನವರಿಯಲ್ಲಿ ಕಿಂಗ್ ಅವರ ಸಂಘಟನೆ ಅಲ್ಲಿಗೆ ಬಂತು. ಹಜ್ ಯಾತ್ರೆಯಿಂದ ಬದಲಾದ ಮನಸ್ಸಿನೊಂದಿಗೆ ಮರಳಿದ್ದ ಮಾಲ್ಕಂ ಎಕ್ಸ್ ಕೂಡ ಫೆಬ್ರವರಿ 4ರಂದು ಸೆಲ್ಮಾಕ್ಕೆ ಬಂದು ಮಾತನಾಡಿದರು. ಅದಾಗಿ ಮೂರು ವಾರ ತುಂಬುವ ಮೊದಲೇ ನ್ಯೂಯಾರ್ಕಿನಲ್ಲಿ ಅವರ ಹತ್ಯೆಯಾಯಿತು.

ಸೆಲ್ಮಾದ ಸೇತುವೆಯ ಮೇಲಿನ ಲಾಠಿ ಏಟುಗಳ ಕಥೆ ಹಲವರಿಗೆ ಗೊತ್ತು. ಆದರೆ ಅದಕ್ಕೂ ಮೊದಲು, ಜನವರಿ 22ರಂದು, ನಡೆದ ಘಟನೆ ನಮ್ಮ ಗಮನ ಸೆಳೆಯಬೇಕು. ಅಂದು ರೀಸ್ ಅವರ ನೇತೃತ್ವದಲ್ಲಿ ನೂರಕ್ಕೂ ಹೆಚ್ಚು ಕಪ್ಪು ಶಿಕ್ಷಕ ಶಿಕ್ಷಕಿಯರು ನೋಂದಣಿ ಕಚೇರಿಗೆ ಮೆರವಣಿಗೆ ಹೊರಟರು. ಜೈಲಿಗೆ ಹೋಗಲೂ ಸಿದ್ಧ ಎಂದು ತೋರಿಸಲು ಕೆಲವರು ಹಲ್ಲುಜ್ಜುವ ಬ್ರಷ್ ಹಿಡಿದುಕೊಂಡಿದ್ದರು. ಅಧಿಕಾರಿಗಳು ಅವರನ್ನು ಮೆಟ್ಟಿಲಿನಿಂದ ಹಿಂದಕ್ಕೆ ತಳ್ಳಿದರು, ಅವರು ಮತ್ತೆ ಹತ್ತಿದರು. ಸಂಬಳಕ್ಕಾಗಿ ಬಿಳಿಯರ ಶಾಲಾ ಮಂಡಳಿಯನ್ನೇ ಅವಲಂಬಿಸಿದ್ದ ಶಿಕ್ಷಕರು ಬೀದಿಗಿಳಿದದ್ದನ್ನು ಕಂಡಾಗ ಊರಿನ ಉಳಿದವರ ಭಯವೂ ಕರಗಿತು.

ಮಾರ್ಚ್ 7ರಂದು ಸುಮಾರು 600 ಜನರು ಎಡ್ಮಂಡ್ ಪೆಟಸ್ ಸೇತುವೆ ದಾಟುವಾಗ ಪೊಲೀಸರು ಲಾಠಿ, ಅಶ್ರುವಾಯುಗಳಿಂದ ಮುಗಿಬಿದ್ದರು. ಆ ದೃಶ್ಯ ಟಿವಿಯಲ್ಲಿ ದೇಶದ ಮನೆಮನೆಗೆ ತಲುಪಿತು. ಮಾರ್ಚ್ 25ರಂದು ರಾಜಧಾನಿ ಮಾಂಟ್‌ಗೊಮರಿಯನ್ನು ಮುಟ್ಟಿದಾಗ ಮೆರವಣಿಗೆಯಲ್ಲಿ ಸುಮಾರು 25,000 ಜನರಿದ್ದರು. 1965ರ ಆಗಸ್ಟ್ 6ರಂದು ಅಧ್ಯಕ್ಷ ಜಾನ್ಸನ್ ಮತದಾನದ ಹಕ್ಕು ಕಾಯಿದೆಗೆ ಸಹಿ ಹಾಕಿದರು. ದಕ್ಷಿಣದಲ್ಲಿ ಸಾಕ್ಷರತಾ ಪರೀಕ್ಷೆ ನಿಂತಿತು. ಅನ್ಯಾಯದ ಇತಿಹಾಸವಿದ್ದ ರಾಜ್ಯಗಳು ಚುನಾವಣಾ ನಿಯಮ ಬದಲಿಸಬೇಕಾದರೆ ಮುಂಚಿತವಾಗಿ ಕೇಂದ್ರದ ಅನುಮತಿ ಪಡೆಯಬೇಕಾಯಿತು. ಮಿಸಿಸಿಪ್ಪಿಯಲ್ಲಿ ಕಾಯಿದೆಗೆ ಮೊದಲು ಅರ್ಹ ಕಪ್ಪು ಜನರಲ್ಲಿ ನೂರಕ್ಕೆ 6.7 ಮಂದಿ ಮಾತ್ರ ಪಟ್ಟಿಯಲ್ಲಿದ್ದರು. 1967ರಲ್ಲಿ ಅದು 59.8ಕ್ಕೆ ಏರಿತು.

ಕೆಲಸದಿಂದ ತೆಗೆದುಹಾಕಲ್ಪಟ್ಟಿದ್ದ ಸೆಪ್ಟಿಮಾ ಕ್ಲಾರ್ಕ್ 1970ರ ದಶಕದಲ್ಲಿ ಅದೇ ಚಾರ್ಲ್ಸ್‌ಟನ್ನಿನ ಶಾಲಾ ಮಂಡಳಿಗೆ ಚುನಾಯಿತರಾದರು! ಮತದ ಬೆಲೆ ತಿಳಿಯಲು ಇದಕ್ಕಿಂತ ಬೇರೆ ಪಾಠ ಬೇಕೇ?

ಮುಗಿಯದ ಕೆಲಸ

ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡರೆ ತಪ್ಪಾಗುತ್ತದೆ. 2013ರ ಜೂನ್ 25ರಂದು ಅಮೆರಿಕದ ಸುಪ್ರೀಂ ಕೋರ್ಟು 5-4ರ ಬಹುಮತದಿಂದ, ಯಾವ ರಾಜ್ಯಗಳು ಮುಂಚಿತ ಅನುಮತಿ ಪಡೆಯಬೇಕೆಂದು ಗೊತ್ತುಮಾಡುವ ಸೂತ್ರ ಹಳತಾಗಿದೆ ಎಂದು ಅದನ್ನು ರದ್ದುಮಾಡಿತು. ಇದರಿಂದ ಕಾಯಿದೆಯ ಬೆನ್ನೆಲುಬೇ ಮುರಿಯಿತು. 2012ರಿಂದ 2018ರ ನಡುವೆ, ಹಿಂದೆ ಅನುಮತಿ ಬೇಕಾಗಿದ್ದ ಪ್ರದೇಶಗಳಲ್ಲಿ 1,688 ಮತಗಟ್ಟೆಗಳು ಮುಚ್ಚಿದವು ಎಂದು ನಾಗರಿಕ ಹಕ್ಕುಗಳ ಒಕ್ಕೂಟವೊಂದು 2019ರಲ್ಲಿ ಲೆಕ್ಕಹಾಕಿತು. ಗುರುತು ಚೀಟಿಯ ಕಟ್ಟುನಿಟ್ಟಿನ ನಿಯಮಗಳು ಬಂದವು. ಕಳ್ಳಮತ ತಡೆಯಲು ಇವು ಬೇಕು ಎಂಬುದು ಬೆಂಬಲಿಗರ ವಾದ. ಬಡವರು, ಕಪ್ಪು ಜನರು ಮತ್ತು ಮುದುಕರೇ ಇದರಿಂದ ಹೊರಗುಳಿಯುತ್ತಾರೆ ಎಂಬುದು ವಿರೋಧಿಗಳ ವಾದ. ಉತ್ತರ ಕೆರೊಲಿನಾದ 2013ರ ಇಂತಹ ಒಂದು ಕಾನೂನು ಕಪ್ಪು ಮತದಾರರನ್ನೇ ಗುರಿಯಾಗಿಟ್ಟುಕೊಂಡಿದೆ ಎಂದು 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಆ ಮೊಕದ್ದಮೆ ನಡೆಸಿದವರಲ್ಲಿ ಅದೇ ಹಳೆಯ ಎನ್‌ಎಎಸಿಪಿಯೂ ಇತ್ತು.

ಜಾರ್ಜಿಯಾದಲ್ಲಿ 2018ರ ಚುನಾವಣೆಯ ಮೊದಲು ಸುಮಾರು 53,000 ನೋಂದಣಿ ಅರ್ಜಿಗಳು ತಡೆಹಿಡಿಯಲ್ಪಟ್ಟವು. ಕಾರಣ? ಅರ್ಜಿಯಲ್ಲಿನ ಹೆಸರು ಸರಕಾರಿ ದಾಖಲೆಯೊಂದಿಗೆ ಅಕ್ಷರಶಃ ಹೊಂದಲಿಲ್ಲ. ಒಂದು ಅಕ್ಷರ ತಪ್ಪಿದರೂ, ಒಂದು ಅಡ್ಡಗೆರೆ ಬಿಟ್ಟುಹೋದರೂ ಸಾಕಾಗಿತ್ತು. ಅವುಗಳಲ್ಲಿ ಹೆಚ್ಚಿನವು ಕಪ್ಪು ಜನರ ಅರ್ಜಿಗಳು. ಸ್ಟೇಸಿ ಏಬ್ರಮ್ಸ್ ಕಟ್ಟಿದ ಸಂಘಟನೆಗಳು ಇದರ ವಿರುದ್ಧ ದುಡಿದು ಲಕ್ಷಾಂತರ ಹೆಸರುಗಳನ್ನು ಪಟ್ಟಿಗೆ ಸೇರಿಸಿದವು. ಆದರೆ ಅವುಗಳಲ್ಲೊಂದು ಚುನಾವಣಾ ಪ್ರಚಾರದ ಲೆಕ್ಕಪತ್ರದ ನಿಯಮಗಳನ್ನು ಮೀರಿದ್ದಕ್ಕಾಗಿ 2025ರಲ್ಲಿ ದೊಡ್ಡ ಮೊತ್ತದ ದಂಡ ಕಟ್ಟಬೇಕಾಯಿತು. ಹಕ್ಕಿಗಾಗಿ ಹೋರಾಡುವ ಸಂಘದ ಲೆಕ್ಕಪುಸ್ತಕವೂ ಪಕ್ಷಾತೀತ ನಡೆಯೂ ಶುದ್ಧವಾಗಿರಬೇಕು, ಇಲ್ಲವಾದರೆ ಎದುರಾಳಿಯ ಕೈಗೆ ನಾವೇ ಕೋಲು ಕೊಟ್ಟಂತೆ ಎಂಬ ಎಚ್ಚರಿಕೆ ಇದರಲ್ಲಿದೆ.

ನಮ್ಮ ಮನೆಯ ಲೆಕ್ಕ

ಈಗ ನಮ್ಮ ದೇಶದತ್ತ ನೋಡೋಣ. ಟಸ್ಕೀಗಿಯ ಪ್ರಾಧ್ಯಾಪಕರು ಮತಕ್ಕಾಗಿ ಕಚೇರಿ ಅಲೆಯುತ್ತಿದ್ದ ಅದೇ ಕಾಲದಲ್ಲಿ, 1951-52ರಲ್ಲಿ, ಭಾರತ ತನ್ನ ಮೊದಲ ಮಹಾಚುನಾವಣೆ ನಡೆಸಿತು. ಬ್ರಿಟಿಷರ ಕಾಲದಲ್ಲಿ ಆಸ್ತಿ, ತೆರಿಗೆ, ವಿದ್ಯೆ ಇದ್ದವರಿಗಷ್ಟೇ ಮತವಿತ್ತು. ನಮ್ಮ ಸಂವಿಧಾನದ 326ನೇ ವಿಧಿ ಅದನ್ನೆಲ್ಲ ತೆಗೆದುಹಾಕಿ, ವಯಸ್ಸಿಗೆ ಬಂದ ಪ್ರತಿಯೊಬ್ಬ ಪ್ರಜೆಗೂ ಮತ ಕೊಟ್ಟಿತು. ಓದು ಬಾರದವರಿಗಾಗಿ ಚಿಹ್ನೆಗಳನ್ನು ಮಾಡಲಾಯಿತು. ಸುಮಾರು 17 ಕೋಟಿ ಮತದಾರರಲ್ಲಿ ಬಹುಪಾಲು ಅನಕ್ಷರಸ್ಥರೇ ಆಗಿದ್ದರು. ನಿರಕ್ಷರತೆಯನ್ನು ಗೋಡೆಯಾಗಲು ಬಿಡದ ಈ ನಿರ್ಧಾರದ ಬಗ್ಗೆ ನಾವು ಹೆಮ್ಮೆಪಡಬೇಕು.

ಆದರೆ ಆ ಚುನಾವಣೆಯಲ್ಲೂ ಒಂದು ನೋವಿನ ಸಂಗತಿ ನಡೆಯಿತು. ಸುಮಾರು 28 ಲಕ್ಷ ಮಹಿಳೆಯರ ಹೆಸರುಗಳನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಯಾರೂ ಅವರನ್ನು ಹೊಡೆದಟ್ಟಲಿಲ್ಲ. ಹೆಸರು ಕೇಳಿದಾಗ ಇಂಥವರ ಹೆಂಡತಿ, ಇಂಥವರ ಮಗಳು ಎಂದು ಬರೆಸಿದ್ದರು. ಸ್ವಂತ ಹೆಸರನ್ನು ಹೇಳಿರಲಿಲ್ಲ. ಜಾನ್ಸ್ ಐಲೆಂಡಿನ ಶಾಲೆಯ ಮೊದಲ ಪಾಠ ತಮ್ಮ ಹೆಸರು ಬರೆಯುವುದೇ ಆಗಿತ್ತು ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಿ.

ಇಂದು ನಮ್ಮ ಮನೆಗಳಲ್ಲಿ ಪರಿಸ್ಥಿತಿ ಹೇಗಿದೆ? ಒಬ್ಬರೇ ಅಬೂಬಕ್ಕರ್ ರೇಷನ್ ಕಾರ್ಡಿನಲ್ಲಿ ಒಂದು ರೀತಿ, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ರೀತಿ, ಮತದಾರರ ಪಟ್ಟಿಯಲ್ಲಿ ಮತ್ತೊಂದು ರೀತಿ. ಫಾತಿಮಾ, ಫಾತಿಮ, ಪಾತುಮ್ಮ ಎಲ್ಲರೂ ಒಬ್ಬಳೇ ಹೆಣ್ಣುಮಗಳು. ಮದುವೆಯಾಗಿ ಹೋದ ಮಗಳ ಹೆಸರು ತವರಿನ ಪಟ್ಟಿಯಿಂದ ಹೋಗಿದೆ, ಗಂಡನ ಮನೆಯ ಪಟ್ಟಿಗೆ ಬಂದಿಲ್ಲ. ಕೆಲಸಕ್ಕೆಂದು ಬೇರೆ ಊರಿಗೆ ಹೋದ ಮಗನದೂ ಇದೇ ಕಥೆ. ಮತದಾನದ ದಿನ ಮತಗಟ್ಟೆಯಲ್ಲಿ ನಿಂತು ಕೂಗಾಡಿದರೆ ಪ್ರಯೋಜನವಿಲ್ಲ. ಪಟ್ಟಿಯ ಕೆಲಸ ಪಟ್ಟಿ ತಯಾರಾಗುವಾಗಲೇ ಆಗಬೇಕು.

ವಿದ್ಯಾರ್ಥಿ ಮಿತ್ರರೇ, ಇದು ನೀವು ಮಾಡಬಹುದಾದ ಕೆಲಸ. ನಿಮಗೆ 18 ತುಂಬಿದ್ದರೆ ಫಾರಂ 6 ತುಂಬಿ. 17 ತುಂಬಿದವರೂ ಮುಂಗಡವಾಗಿ ಅರ್ಜಿ ಹಾಕಬಹುದು. ಹೆಸರು, ವಿಳಾಸ ತಪ್ಪಿದ್ದರೆ ಫಾರಂ 8 ಇದೆ. ಯಾರದಾದರೂ ಹೆಸರು ತೆಗೆಯಬೇಕೆಂದು ಫಾರಂ 7ರಲ್ಲಿ ಆಕ್ಷೇಪಣೆ ಬಂದಿದ್ದರೆ, ಆ ನೋಟಿಸಿಗೆ ದಾಖಲೆಯೊಂದಿಗೆ ಉತ್ತರ ಕೊಡಲು ಅವರಿಗೆ ನೆರವಾಗಿ. ನಿಮ್ಮ ಬೀದಿಯ ಮತಗಟ್ಟೆ ಅಧಿಕಾರಿ ಯಾರೆಂದು ತಿಳಿದುಕೊಳ್ಳಿ. ಕೊಟ್ಟ ಅರ್ಜಿಗೆ ರಸೀದಿ ಪಡೆದು ಜೋಪಾನವಾಗಿಡಿ. ನಿಮ್ಮ ಅಜ್ಜಿಯ ಹೆಸರನ್ನು ಪಟ್ಟಿಯಲ್ಲಿ ಹುಡುಕಿ. ನಂತರ ಪಕ್ಕದ ಮನೆಯ ಅಜ್ಜಿಯ ಹೆಸರನ್ನೂ ಹುಡುಕಿ. ಅವರ ಜಾತಿ, ಧರ್ಮ, ಪಕ್ಷ ಕೇಳಬೇಡಿ. ಯಾರಿಗೆ ಮತ ಹಾಕುವಿರಿ ಎಂದಂತೂ ಕೇಳಲೇಬೇಡಿ.

ಅಂಗಡಿಯ ಹಿಂದಿನ ಕತ್ತಲ ಕೋಣೆಯಲ್ಲಿ, ರಟ್ಟಿನ ಮೇಲೆ ಬರೆದ ಹೆಸರನ್ನು ತಿದ್ದುತ್ತ ಕುಳಿತ ಆ 14 ಮಂದಿ ಒಂದು ದೇಶದ ಚರಿತ್ರೆಯನ್ನೇ ತಿದ್ದಿದರು. ಅವರಿಗಿದ್ದ ಅಡ್ಡಿಗಳಲ್ಲಿ ನಮಗಿರುವುದು ಎಷ್ಟು? ಅವರಿಗಿಲ್ಲದ ಅಕ್ಷರ ನಮ್ಮ ಕೈಯಲ್ಲಿದೆ. ಅದನ್ನು ನಾವು ಯಾರಿಗಾಗಿ ಬಳಸುತ್ತಿದ್ದೇವೆ ಎಂಬ ಪ್ರಶ್ನೆಗೆ ಈ ವರ್ಷ ನಾವು ಪ್ರತಿಯೊಬ್ಬರೂ ಉತ್ತರ ಕಂಡುಕೊಳ್ಳೋಣ.